ಎಡವಿದ ಕೇಸು

“ಉಲ್ಟಾ,” ಎಂದ ಗರಗಸ.

ಚಿತ್ರ ಉಲ್ಟಾ ಇರಲಿಲ್ಲ. ಪರೀಕ್ಷೆಗೆಂದು ಎಡಮಗ್ಗುಲಾಗಿ ಮಲಗಿದ್ದ ಸ್ವಯಂಸೇವಕನ ಹೃದಯ ಪುಸ್ತಕದಲ್ಲಿ ಇರುವ ಹಾಗೆಯೇ ಪರದೆಯ ಮೇಲೆ ಬಡಿದುಕೊಳ್ಳುತ್ತಿತ್ತು. ಆದರೆ ಗರಗಸ ಕಲಿತ ಕಾಲದಲ್ಲಿ ಪರದೆಯ ಎಡ ಬಲ ಬೇರೆ ಇದ್ದವಂತೆ. ಆಮೇಲೆ ಊರೆಲ್ಲ ಬದಲಾಯಿತು, ಅವನೊಬ್ಬ ಬದಲಾಗಲಿಲ್ಲ. ಯಾರ ಚಿತ್ರವೇ ಇರಲಿ, ಮೊದಲು ‘ಉಲ್ಟಾ’ ಅನ್ನಬೇಕು, ಬಟನ್ ಒತ್ತಿ ಎಡಬಲ ತಿರುಗಿಸಿಕೊಳ್ಳಬೇಕು, ಆಮೇಲೆ ನೋಡಬೇಕು. ಒತ್ತಿದ. ನೋಡಿದ. ಮೂಗು ಮುರಿದ.

“ಏನಮ್ಮಾ, ಪ್ರೋಬ್ ಹಿಡಿಯೋದು ಹೀಗಾ? ಸಾರಿಗೆ ಸೌಟು ಹಾಕ್ದಂಗಿದೆ.”

ಪರೀಕ್ಷೆಗೆ ಬಂದಿದ್ದ ಅವಳು ಸ್ವಯಂಸೇವಕನ ಎದೆಯಿಂದ ಪ್ರೋಬ್ ತೆಗೆದು, ಒರೆಸಿ, ಸ್ಟ್ಯಾಂಡಿಗೆ ಸಿಕ್ಕಿಸಿದಳು.

“ಏನೂ ಇಲ್ಲ, ಗಟ್ಟಿಮುಟ್ಟಾಗಿದೀಯ, ಹೊರಡು,” ಎಂದು ಗರಗಸ ಸ್ವಯಂಸೇವಕನ ಕಡೆ ತಿರುಗದೆಯೇ ಹೇಳಿದ. ಅವನು ಮುಖ ನೋಡುವವರ ಪೈಕಿಯಲ್ಲ, ಪರದೆ ನೋಡುವವನು. ಹೃದಯ ವಿಭಾಗದ ದೊಡ್ಡ ಡಾಕ್ಟರು, ಪರೀಕ್ಷಾ ಮಂಡಳಿಯ ಮುಖ್ಯಸ್ಥ. ಗರಗಸ ಎಂಬುದು ಅವನ ಕೈಯಲ್ಲಿ ಫೇಲಾದವರೆಲ್ಲ ಸೇರಿ ಇಟ್ಟ ಹೆಸರು. ಮನಸಾರೆ ಇಟ್ಟಿದ್ದರು.

ಅವಳು ತೀವ್ರ ನಿಗಾ ಘಟಕದ ಡಾಕ್ಟರು. ತನ್ನ ರೋಗಿಯ ಹೃದಯವನ್ನು ತಾನೇ ಸ್ಕ್ಯಾನ್ ಮಾಡಿ ತಾನೇ ತೀರ್ಮಾನ ಹೇಳಬೇಕಾದರೆ ಈ ಪರೀಕ್ಷೆ ಪಾಸಾಗಿ ಮಾನ್ಯತೆ ಪಡೆಯಬೇಕಿತ್ತು. ಅಲ್ಲಿಯವರೆಗೆ, ಹೃದಯ ವಿಭಾಗದಿಂದ ಯಾರಾದರೂ ಕೃಪೆ ಮಾಡಿ ಬರಲಿ ಎಂದು ರೋಗಿ ಕಾಯಬೇಕು. ಕಾದು ಕಾದು ಹೋದವರನ್ನು ಅವಳು ನೋಡಿದ್ದಳು. ಗರಗಸ ಅವಳನ್ನು ಎರಡು ಸಲ ಫೇಲ್ ಮಾಡಿದ್ದ. ಮೂರನೇ ಸಲವೂ ಮಾಡಿದರೆ ಮತ್ತೆ ಕೂರುವ ಹಾಗಿರಲಿಲ್ಲ.

ಬೆಳಿಗ್ಗೆ ಅಕ್ಕ ಫೋನಿನಲ್ಲಿ ಚುಚ್ಚಿದ್ದಳು. “ಮನೇಲಿ ಡಾಕ್ಟರ್ ಇದ್ದೂ ಅಮ್ಮನ್ನ ಕಳ್ಕೊಂಡ್ವಿ. ಇನ್ನು ಕಲಿತು ಯಾರನ್ನ ಉಳಿಸ್ತೀಯ ನೀನು?”

“ನಡಿ, ಎಡವಿದ ಕೇಸು ಹಾಕು,” ಎಂದ ಗರಗಸ.

ಅದು ಕೊನೆಯ ಸುತ್ತು. ಸ್ಕ್ಯಾನನ್ನು ತಪ್ಪಾಗಿ ಓದಿದ ಒಂದು ಕೇಸನ್ನು ಅಭ್ಯರ್ಥಿ ತರಬೇಕು. ಹೆಸರುಗಳನ್ನೆಲ್ಲ ಮುಚ್ಚಿರಬೇಕು. ಎಲ್ಲಿ ಎಡವಿದ್ದು ಎಂದು ಚರ್ಚೆಯಾಗಬೇಕು. ಜಾಣರು ಯಾವುದೋ ಚಿಲ್ಲರೆ ತಪ್ಪು ತಂದು ಪಾರಾಗುತ್ತಾರೆ. ತಮ್ಮ ಮಾನವನ್ನು ತಾವೇ ಯಾರು ಹರಾಜಿಗಿಡುತ್ತಾರೆ? ಅವಳು ಸತ್ತ ರೋಗಿಯ ಕೇಸನ್ನೇ ತಂದಿದ್ದಳು.

ವಿಡಿಯೊ ಶುರುವಾಯಿತು. ಗರಗಸ ಕುರ್ಚಿ ಎಳೆದುಕೊಂಡು ಮುಂದಕ್ಕೆ ಬಾಗಿದ. ‘ಉಲ್ಟಾ’ ಅನ್ನಲಿಲ್ಲ, ಬಟನ್ ಮುಟ್ಟಲಿಲ್ಲ. ಬೇಟೆ ಸಿಕ್ಕ ಖುಷಿಯಲ್ಲಿ ಹಳೆಯ ಚಾಳಿಯೂ ಮರೆತುಹೋಗುತ್ತದೆ, ಪಾಪ.

“ಇದಕ್ಕೆ ರಿಪೋರ್ಟಲ್ಲಿ ಏನಂತ ಬರೆದಿತ್ತು?”

“ಹೃದಯ ಸರಿಯಾಗಿದೆ ಅಂತ.”

“ಸರಿಯಾಗಿದ್ಯಾ?” ಅವನು ಪರದೆಗೆ ಬೆರಳು ಕುಟ್ಟಿದ. “ಸುತ್ತ ಕಪ್ಪಗೆ ಕಾಣ್ತಿದ್ಯಲ್ಲ, ಏನದು? ನೀರು. ಆ ಒತ್ತಡಕ್ಕೆ ಬಲಗಡೆ ಕೋಣೆ ಒಳಗೆ ಕುಸೀತಿದೆ. ನಿನ್ನೆ ಮೊನ್ನೆ ಸೇರಿದೋರಿಗೂ ಗೊತ್ತಾಗುತ್ತೆ. ಅವತ್ತೇ ಸೂಜಿ ಹಾಕಿ ನೀರು ತೆಗೆದಿದ್ರೆ ಬದುಕ್ತಿದ್ರು.”

“ಬದುಕ್ತಿದ್ರಾ, ಸರ್?” ಅವಳು ಪರದೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು.

“ಅನುಮಾನವೇ ಬೇಡ. ಮನೆಯವರಿಗೆ ಏನು ಹೇಳಿ ಕಳಿಸಿದ್ದು?”

“ಏನೂ ಇಲ್ಲ, ವಯಸ್ಸಾಯ್ತಲ್ಲ, ಹೊರಡಿ ಅಂತ.”

“ನಾಚಿಕೆ ಆಗಲ್ವಾ?”

“ಆಗಬೇಕು, ಸರ್.”

ಗರಗಸನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಪ್ಪು ಒಪ್ಪಿಕೊಂಡಾಯಿತಲ್ಲ. ಅವನು ಪಕ್ಕದಲ್ಲಿದ್ದ ಹಿರಿಯ ಪರೀಕ್ಷಕಿಯ ಕಡೆ ತಿರುಗಿದ. ಹೊರಗಿನವರೊಬ್ಬರು ಕೂರಬೇಕು ಎಂಬ ನಿಯಮ ಈ ವರ್ಷವಷ್ಟೇ ಬಂದಿತ್ತು. ಆಕೆ ಬೆಳಿಗ್ಗೆಯಿಂದ ಎಲ್ಲವನ್ನೂ ನೋಡುತ್ತ ಕೂತಿದ್ದರು.

“ಬರ್ಕೊಳ್ಳಿ ಮೇಡಂ. ಈ ಸ್ಕ್ಯಾನ್ ಮಾಡಿದ ಕೈ ಇನ್ನೊಂದ್ಸಲ ಪ್ರೋಬ್ ಮುಟ್ಟಬಾರದು. ಮಾನ್ಯತೆ ಇದ್ರೆ ಕಿತ್ಕೋಬೇಕು.”

“ಯಾರೇ ಆಗ್ಲಿ?” ಎಂದರು ಆಕೆ.

“ನಮ್ಮಪ್ಪನೇ ಆಗ್ಲಿ.”

ಆಕೆ ಬರೆದುಕೊಂಡರು. ಪೆನ್ನಿಗೆ ಮುಚ್ಚಳ ಹಾಕಿದರು. ಎದ್ದು ಯಂತ್ರದ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ವಿಡಿಯೊವನ್ನು ಇನ್ನೊಮ್ಮೆ ನೋಡಿದರು.

“ನಂಗೆ ಇದು ಉಲ್ಟಾ ಕಾಣ್ತಿದೆ, ಸರ್. ಬೆಳಿಗ್ಗೆಯಿಂದ ಎಲ್ಲರ ಚಿತ್ರಾನೂ ತಿರುಗಿಸಿ ತಿರುಗಿಸಿ ನೋಡಿದ್ರಿ. ಇದೊಂದನ್ನ ಯಾಕೆ ಹಾಗೇ ನೋಡಿದ್ರಿ?”

ಗರಗಸನ ಕೈ ಬಟನ್ನಿನ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಪರದೆಯ ಮೇಲೆ ಹೃದಯ ಕುಸಿಯುತ್ತಲೇ ಇತ್ತು. ಈಗಿನ ಕಾಲದಲ್ಲೂ ಹೀಗೆ ಎಡಬಲ ಅದಲುಬದಲಾಗಿ ಚಿತ್ರ ತೆಗೆಯುವವನು ಊರಿಗೆಲ್ಲ ಒಬ್ಬನೇ. ಅವನು ನಿಧಾನಕ್ಕೆ ತಲೆ ಎತ್ತಿ, ಇಷ್ಟು ದಿನದಲ್ಲಿ ಮೊದಲ ಸಲ, ಅವಳ ಮುಖ ನೋಡಿದ.

“ಅವತ್ತು ನಂಗೆ ಈ ಚಿತ್ರ ಓದೋಕೆ ಬರ್ತಿರಲಿಲ್ಲ, ಸರ್,” ಎಂದಳು ಅವಳು. “ಅಮ್ಮನ ಕೈ ಹಿಡ್ಕೊಂಡು ನಿಮ್ಮ ಪಕ್ಕದಲ್ಲೇ ನಿಂತಿದ್ದೆ.”