ಹಸಿದ ಕೌದಿ

ಇಂದಿಗೂ ನನಗೆ ಅನ್ನ ಹಾಕುವ ಈ ಹಳೆಯ ಹೊಲಿಗೆ ಕೈಮಷೀನಿಗೆ ಎಣ್ಣೆ ಬಿಟ್ಟಾಗಲೆಲ್ಲ, ಆ ವಾಸನೆಯ ಜೊತೆ ಚೆಂಬೂರಿನ ಚಾಳಿನ ಒಂದು ಮಧ್ಯಾಹ್ನ ಬಂದು ಕೂರುತ್ತದೆ.

ಗುಜರಿಯವನಿಂದ ಕೊಂಡ ಮಷೀನಿನ ತುಕ್ಕನ್ನು ಅವ್ವ ತಿಕ್ಕಿ ತಿಕ್ಕಿ ತೆಗೆದಿದ್ದಳು. ಆಸ್ಪತ್ರೆಯಲ್ಲಿ ಮಲಗಿದ್ದ ಅಪ್ಪನಿಗೆಂದು, ತನ್ನ ಹಳೆ ಇಳಕಲ್ ಸೀರೆ ಮತ್ತು ಅವನ ಅಂಗಿಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಚಕ್ರ ತಿರುಗಿಸುವ ಕೆಲಸ ನನ್ನದು. ಅಷ್ಟು ದಪ್ಪ ಅರಿವೆಯನ್ನೂ ಸೂಜಿ ಸಲೀಸಾಗಿ ದಾಟಿದಾಗ ಅವ್ವ ಮಷೀನಿನ ಬೆನ್ನು ಸವರಿ, ಪಕ್ಕದಲ್ಲಿ ಕೂತಿದ್ದ ಅಜ್ಜಿಯತ್ತ ನೋಡಿದಳು.

"ಅತ್ತಿ, ಇದೂ ನಿಮ್ಮಂಗ ನೋಡ್ರಿ. ಮುದುಕಿ ಆದ್ರೂ ಹಲ್ಲು ಗಟ್ಟಿ!"

"ಸಾಕು ಬಿಡ, ಮೊದಲ ಕೌದಿ ಹೊಟ್ಟಿ ತುಂಬಸು. ಹಸದ ಕೌದಿ ಹೊಚ್ಚಬಾರದು," ಎಂದು ಅಜ್ಜಿ ಕೌದಿಯ ಮೂಲೆಯೊಳಗೆ ಇಡಲು ರೊಟ್ಟಿಯ ಚೂರು ಕೊಟ್ಟಳು.

ಅಷ್ಟರಲ್ಲಿ ಆಸ್ಪತ್ರೆಯಿಂದ ಅಪ್ಪನ ತಮ್ಮ, ನನ್ನ ಕಾಕಾ, ಬಂದು ಹೊಸ್ತಿಲಲ್ಲೇ ಕುಳಿತ.

"ವೈನಿ, ಇನ್ನ ಔಷಧ ಬ್ಯಾಡಂತ. ಮನೀಗೆ ಒಯ್ರಿ ಅಂದಾರ."

"ಅಪ್ಪ ಮನೀಗೆ ಬರ್ತಾನ!" ಎಂದು ನಾನು ಕುಣಿದೆ. ಯಾರೂ ನಗಲಿಲ್ಲ.

ಅವ್ವ ರೊಟ್ಟಿಯ ಚೂರನ್ನು ಪದರದೊಳಗಿಟ್ಟು, ಅಂಚು ಮಡಚಿ ಸೂಜಿಯ ಕೆಳಗೆ ತಂದಳು.

"ತಿರುಗಸೋ ಮಗಾ. ನಿಮ್ಮಪ್ಪ ಬರೂದ್ರೊಳಗ ಮುಗಸೂಣು."

ನಾನು ಖುಷಿಯಿಂದ ಜೋರಾಗಿ ತಿರುಗಿಸಿದೆ.