ಭಾವನ ಪಾಲು

ಶೆಡ್ಡಿನ ಹಿಂದೆ, ಟೀ ಬಿಡುವಿನಲ್ಲಿ, ವೆಲ್ಡರ್ ಅರ್ಧ ಸೇದಿದ ಸಿಗರೇಟನ್ನು ತನ್ನ ಅಕ್ಕನ ಗಂಡನತ್ತ ಚಾಚಿದ. ಲೇತ್ ನಡೆಸುವ ಭಾವ ಜೇಬಿನಿಂದ ಕೈ ತೆಗೆಯಲಿಲ್ಲ.

"ಬಿಟ್ಟುಬಿಟ್ಟೆ ಕಣೋ."

"ಮತ್ತೆ ಶುರು ಯಾವಾಗ ಭಾವ? ಸಂಜೆಗಾ?"

ವೆಲ್ಡರ್ ನಕ್ಕದ್ದರಲ್ಲಿ ತಪ್ಪೇನಿರಲಿಲ್ಲ. ಭಾವ ಹಿಂದೆಯೂ ಹೀಗೆ ಬಿಟ್ಟು, ಮಾರನೆಯ ದಿನವೇ ಹಲ್ಲು ಕಿರಿದು ಕೈ ಚಾಚಿದ್ದುಂಟು. ಆದರೆ ಈ ಸಲ ಅವನು ಆಸ್ಪತ್ರೆಗೆ ಹೋಗಿದ್ದ. ಅಲ್ಲಿ ಸಿಗರೇಟು ಬಿಡಿಸುವ ಸಲಹೆಗಾರ್ತಿ ಅಗಿಯಲು ನಿಕೋಟಿನ್ ಗಮ್ ಕೊಟ್ಟು, ಚಪಲ ತಡೆಯಲಾಗದಿದ್ದರೆ ತಕ್ಷಣ ಫೋನ್ ಮಾಡಿ ಎಂದಿದ್ದರು.

"ನೀನೂ ಬಾರೋ, ಒಟ್ಟಿಗೆ ಹೋಗೋಣ."

"ನಾನ್ಯಾಕೆ? ನಾವು ಸೇದೋದೇ ಅರ್ಧರ್ಧ. ಅದನ್ನೂ ಲೆಕ್ಕಕ್ಕೆ ಹಿಡೀತಾರಾ?"

ವರ್ಷಗಟ್ಟಲೆ ಇಬ್ಬರೂ ಸೇರಿ ಅಕ್ಕನ ಬಾಯಿ ಮುಚ್ಚಿಸಿದ್ದು ಇದೇ ಮಾತಿನಿಂದ. ಒಂದನ್ನು ಇಬ್ಬರು ಸೇದಿದರೆ ಯಾರೂ ಸೇದಿದಂತಲ್ಲ! ಅದು ಮುಗಿದ ಕೂಡಲೇ ಇನ್ನೊಂದು ಹಚ್ಚುತ್ತಿದ್ದದ್ದನ್ನು ಮಾತ್ರ ಅವಳಿಗೆ ಹೇಳುತ್ತಿರಲಿಲ್ಲ.

ವಾರಗಳು ಕಳೆದಂತೆ ಭಾವನ ಬೆಳಗಿನ ಕೆಮ್ಮು ನಿಂತಿತು. ಊಟ ರುಚಿಸತೊಡಗಿತು. ಕಬ್ಬಿಣ ಹೊತ್ತು ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಇದನ್ನೆಲ್ಲ ಅವನು ಶೆಡ್ಡಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳಿ ತಲೆ ತಿನ್ನುತ್ತಿದ್ದ. ವೆಲ್ಡರಿಗೆ ಮೈ ಉರಿಯಿತು. ಹಟಕ್ಕೆ ಬಿದ್ದು ಹಿಂದುಗಡೆ ಒಬ್ಬನೇ ನಿಂತು ಭಾವನ ಅರ್ಧವೂ ಸೇರಿ ಪೂರ್ತಿ ಸೇದಿದ. ಆಮೇಲೆ ಅದೇ ರೂಢಿಯಾಯಿತು.

ಒಂದು ಮಧ್ಯಾಹ್ನ ಗೇಟಿಗೆ ಬೆಸುಗೆ ಹಾಕುತ್ತಿದ್ದವನು ಮುಖದ ಕವಚ ಎತ್ತಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಉಸಿರು ಸಿಗದೆ ನೆಲದ ಮೇಲೆ ಕುಸಿದು ಕೂತಾಗ ತುಟಿ ನೀಲಿಗಟ್ಟಿತ್ತು. ಭಾವ ಓಡಿಬಂದು ಅವನನ್ನು ಎತ್ತಿದ. ಸಿಕ್ಕ ಗಾಡಿಗೆ ಹತ್ತಿಸಿ ಅದೇ ಆಸ್ಪತ್ರೆಗೆ ಕರೆದೊಯ್ದ.

"ಏನಾದ್ರೂ ಆದ್ರೆ ನಿಮ್ಮಕ್ಕಂಗೆ ನಾನು ಹೇಗೋ ಮುಖ ತೋರಿಸ್ಲಿ?" ಎಂದು ದಾರಿಯುದ್ದಕ್ಕೂ ಬೈದ. ಅಳುವೂ ಬಂತು.

ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು ವೆಲ್ಡರನನ್ನು ಸಲಹೆಗಾರ್ತಿಯ ಕೋಣೆಗೆ ಕಳಿಸಿದರು. ಜೊತೆಗೆ ಬಂದ ಭಾವನನ್ನು ಕಂಡು ಆಕೆಯ ಮುಖ ಅರಳಿತು.

"ನೋಡಿ, ಇವರು ಎಷ್ಟು ಚೆನ್ನಾಗಿ ಬಿಟ್ಟಿದಾರೆ! ನಿಮ್ಮ ಕೈಲೂ ಆಗತ್ತೆ. ಈಗ ಹೇಳಿ, ದಿನಕ್ಕೆ ಎಷ್ಟು ಸೇದ್ತೀರಿ?"

ವೆಲ್ಡರ್ ಭಾವನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ಕೋಪವೇನೂ ಇರಲಿಲ್ಲ.

"ಇವ್ರ ಪಾಲೂ ಸೇರಿಸಿ ಹೇಳ್ಲಾ, ಮೇಡಂ?"