ಏರುರಸ್ತೆಯ ತಾಳ

“ನೋಡಿ ಎಲ್ಬಿಯಮ್ಮಾ, ಇಲ್ಲಿ ನಿಮ್ಮ ಯಜಮಾನ್ರು ತೂಕಡಿಸಿದ್ದಾರೆ!” ಎಂದು ನಕ್ಕ ಸ್ಟುಡಿಯೊದ ಹೆಬೆರ್. ಮೆರವಣಿಗೆಯೊಂದರ ಹಳೆಯ ಧ್ವನಿಮುದ್ರಣ ಓಡುತ್ತಿತ್ತು; ಅದರ ಡೋಲಿನ ವೇಗ ಅಳೆಯುತ್ತಿದ್ದ ಕಂಪ್ಯೂಟರಿನಲ್ಲಿ ಅಂಕಿ ಕೆಳಗಿಳಿದಿತ್ತು. “ಈ ಗುಂಡಿ ಒತ್ತಿದ್ರೆ ಎಲ್ಲಾ ಒಂದೇ ಸಮ ಆಗತ್ತೆ. ಒತ್ಲಾ?”

“ಹೂಂ,” ಎಂದಳು ಎಲ್ಬಿಯಾ. ಗಂಡ ತೀರಿಕೊಂಡ ಮೇಲೆ ಅವಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ಅಳು ಕೂಡ ಬಂದಿರಲಿಲ್ಲ.

ಮೆರವಣಿಗೆಗಳಲ್ಲಿ ಅವಳ ಗಂಡನ ಜೊತೆ ಡೋಲು ಬಾರಿಸುತ್ತಿದ್ದ ಕುಂಟುಗಾಲಿನ ಒರೋಸ್ಮಾನ್ ತಲೆಯೆತ್ತಿದ. “ತಡಿಯಪ್ಪಾ! ಡೋಲಿನ ಹಿಂದೆ ಚರ್ಚಿನ ಗಂಟೆ ಕೇಳ್ತಿದೆ. ಇದು ಚರ್ಚಿನ ಪಕ್ಕದ ಏರುರಸ್ತೆ, ಅತ್ತಿಗೆ. ಈ ಕಾಲಿಟ್ಕೊಂಡೂ ಅಲ್ಲಿ ನಾನು ಯಾವತ್ತೂ ಹಿಂದೆ ಬಿದ್ದಿಲ್ಲ ಅಂತ ಇಡೀ ಮಾಂಟೆವಿಡಿಯೊಗೆ ಜಂಬ ಕೊಚ್ಚಿದ್ದೆ. ಕಳ್ಳ, ತಾನೇ ನಿಧಾನ ಮಾಡಿ ಬಾಯೇ ಬಿಡ್ಲಿಲ್ಲ ನೋಡಿ!”

ಎಲ್ಬಿಯಾ ಗುಂಡಿಯ ಮೇಲಿದ್ದ ಹೆಬೆರನ ಬೆರಳನ್ನು ಮೆಲ್ಲಗೆ ಎತ್ತಿ, ತನ್ನ ಕೈಯಲ್ಲಿ ಹಿಡಿದುಕೊಂಡಳು.